ಹಣೆ ಮುಟ್ಟಿದ ಕೈ

ಸುಗುಣತ್ತಿಗೆ,

ಮೊನ್ನೆ ಮಂಗನ ಕಾಯಿಲೆ ಪರೀಕ್ಷೆಗೆ ಅಂತ ಬಾಳೂರಿನಲ್ಲಿ ನಮ್ಮೆಲ್ಲರ ರಕ್ತ ತಗೊಂಡಿದ್ರು. "ನಿಮಗಿದು ಎಂದೋ ಬಂದು ಹೋಗಿದೆ" ಅಂದ್ರು ಇವತ್ತು ಡಾಕ್ಟರು. ನನಗೆ ತಿಳಿಯದ ಹಾಗೇ ಮೈ ಅದರ ಜೊತೆ ಹೋರಾಡಿ ಗೆದ್ದು, ಗುರುತನ್ನು ರಕ್ತದಲ್ಲಿ ಇಟ್ಟುಕೊಂಡಿದೆಯಂತೆ. ಯಾವಾಗ ಅಂತ ಮಾತ್ರ ಅವರಿಗೂ ಗೊತ್ತಿಲ್ಲ.

ಆ ಬೇಸಿಗೆ, ಕೊಟ್ಟಿಗೆಗೆ ತರಗೆಲೆ ತರೋ ಸರದಿ ನನ್ನದು. ಸೋಮಾರಿತನಕ್ಕೆ ಜ್ವರ ಅಂತ ಸುಳ್ಳು ಹೇಳಿ ಮಲಗಿದ್ದೆ. ನೀವು ಹಣೆ ಮುಟ್ಟಿ, "ಬಿಸಿ ಉಂಟು ಮಾರಾಯ್ತಿ, ಮಲಗು" ಅಂದು ನೀವೇ ಕಾಡಿಗೆ ಹೋದ್ರಿ. ಅಲ್ಲೇ ರಕ್ತ ಹೀರೋ ಉಣುಗು ಕಚ್ಚಿತು. ಹದಿನೈದು ದಿನದಲ್ಲಿ ಅದೇ ಕಾಯಿಲೆ ನಿಮ್ಮನ್ನು ಕೊಂಡೊಯ್ದಿತು.

ನಾನು ಹೇಳಿದ್ದು ಸುಳ್ಳು ಅಂತಲೇ ಇಷ್ಟು ವರ್ಷ ನಂಬಿದ್ದೆ. ಈಗ ಏನೂ ತಿಳೀತಿಲ್ಲ. ನಿಜ ಹೇಳಿ ಅತ್ತಿಗೆ, ಅವತ್ತು ನಿಮ್ಮ ಕೈಗೆ ಬಿಸಿ ತಾಗಿತ್ತಾ?