ಹಂದಿ ಓಡಿಸಲು ಹಾಡಬಹುದು, ದೇವರಿಗೆ ಹಾಡಬಾರದು

ಮಾನ್ಯ ಅಧಿಕಾರಿಗಳೇ,

ನನ್ನ ಅವ್ವ ಸ್ವಂತ ಮನೆಯ ಜಗಲಿಯಲ್ಲಿ ಪ್ರಾರ್ಥನೆ ಮಾಡುವುದನ್ನು ತಾವು ನಿಲ್ಲಿಸಿ ಇಂದಿಗೆ ಆರು ವಾರ. ಅವಳಿಗೆ ಎಂಬತ್ತೊಂದು ವರ್ಷ. ಸೊಂಟ ಮುರಿದುಕೊಂಡವಳು ತಾಳವಾಡಿಯ ಚರ್ಚಿಗೆ ಹೋಗಲಾರಳು. ಅದಕ್ಕೇ ಭಾನುವಾರ ಸಂಜೆ ಹನ್ನೊಂದು ಮಂದಿ ನಮ್ಮಲ್ಲಿಗೇ ಬಂದು, ತಮಟೆ, ಹಾರ್ಮೋನಿಯಂ ಇಟ್ಟುಕೊಂಡು ಹಾಡುತ್ತಿದ್ದರು. ಇದರಿಂದ ಸಾರ್ವಜನಿಕ ಶಾಂತಿ ಕದಡುತ್ತದೆಂದು ತಮ್ಮ ನೋಟಿಸು. ನಿಜ ಹೇಳಲೇ? ಅಲ್ಲಿ ಕೆಡುತ್ತಿದ್ದುದು ಶ್ರುತಿ ಮಾತ್ರ.

ಕಳೆದ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರು ಮೂವತ್ತು ಜನರೊಂದಿಗೆ ಅದೇ ಜಗಲಿಗೆ ಬಂದು, ತಲೆಬಾಗಿ, ತಮ್ಮ ಗೆಲುವಿಗೆ ಪ್ರಾರ್ಥಿಸಿ ಎಂದರು. ಆಗ ಅನುಮತಿ ಬೇಕಿರಲಿಲ್ಲವೇ? ವೋಟು ಕೇಳುವಾಗ ಪುಣ್ಯಸ್ಥಳ, ವೋಟು ಬಿದ್ದ ಮೇಲೆ ಅಕ್ರಮ ಸಭೆಯೇ? ಅವರು ಸೋತದ್ದನ್ನು ದಯವಿಟ್ಟು ನಮ್ಮ ತಲೆಗೆ ಕಟ್ಟಬೇಡಿ, ನಾವು ಪ್ರಾಮಾಣಿಕವಾಗಿಯೇ ಪ್ರಾರ್ಥಿಸಿದ್ದೆವು.

ಅನುಮತಿ ಕೇಳಲು ಬಂದರೆ ನೆರೆಯವರ ಒಪ್ಪಿಗೆ ತನ್ನಿ ಎಂದಿರಿ. ಹೋದೆ. ಪಕ್ಕದ ಹೊಲದ ರಾಚಪ್ಪಣ್ಣ ಶಿವಭಕ್ತರು, ಹಣೆ ತುಂಬ ವಿಭೂತಿ. ನನ್ನನ್ನು ಕಂಡದ್ದೇ ರೇಗಿದರು.

“ಏನ್ಲಾ ಅರುಳಪ್ಪ, ಯಾಕ್ಲಾ ಪದ ನಿಲ್ಸ್‌ಬುಟ್ರಿ? ನೀವು ತಮಟೆ ಬಡೀತಿದ್ರೆ ಒಂದ್ ಕಾಡಂದಿನೂ ಒಲಕ್ಕೆ ಬತ್ತಿರ್ನಿಲ್ಲ. ಭಾನ್ವಾರ ಒಂದಿನನಾರ ನಾನು ಕಾವಲಿಗೆ ಓಗ್ದೆ ಮನೇಲಿ ಉಣ್ತಿದ್ದಿ ಕಣ. ಈಗ ಜ್ವಾಳ ಎಲ್ಲಾ ಅವುಕ್ಕೇ!”

ಒಪ್ಪಿಗೆ ಕೊಡುವುದಿರಲಿ, ಅವರೇ ಹದಿನಾಲ್ಕು ಸಹಿ ಹಾಕಿಸಿ ತಮಗೆ ಮನವಿ ಬರೆದರು: ಕ್ರೈಸ್ತರ ಹಾಡನ್ನು ಕೂಡಲೇ ಮತ್ತೆ ಆರಂಭಿಸಬೇಕು, ತಮಟೆ ಇನ್ನೂ ಜೋರಾಗಿರಬೇಕು.

ಅದನ್ನೋದಿ ತಾವು ನಕ್ಕಿರಿ, ಹಾದಿಯನ್ನೂ ತೋರಿಸಿದಿರಿ. “ಪ್ರಾರ್ಥನೆ ಅಂತ ಬರೀಬೇಡಿ. ಬೆಳೆ ರಕ್ಷಣೆಗೆ ಶಬ್ದ ಮಾಡುವುದು ಅಂತ ಬರೀರಿ, ಈಗಲೇ ಸಹಿ ಹಾಕ್ತೀನಿ.” ನಾನು ಪುಕ್ಕಲ, ಬರೆದುಕೊಟ್ಟೆ! ಐದೇ ನಿಮಿಷದಲ್ಲಿ ಸಹಿ, ಮೊಹರು. ಕುಣಿಯುತ್ತಾ ಮನೆಗೆ ಹೋಗಿ ಅವ್ವನಿಗೆ ಓದಿ ಹೇಳಿದೆ. ಅವಳು ಸೊಂಟ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

“ನಾನು ಅಂದಿ ಓಡ್ಸಕ್ಕಾ ಪದ ಏಳ್ತಿದ್ದುದು? ನನ್ ಸ್ವಾಮಿಗೆ ಕಣ್ಲಾ. ಸುಳ್ ಏಳಿ ಪ್ರಾರ್ಥನೆ ಮಾಡದಾದ್ರೆ ನಂಗ್ ಬ್ಯಾಡ. ವಾಪಸ್ ಕೊಟ್‌ಬುಡು.”

ನನಗೆ ನಾಚಿಕೆಯಾಯಿತು. ಆ ಅನುಮತಿ ಪತ್ರವನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ, ಮೊಹರು ಚೆನ್ನಾಗಿ ಮೂಡಿದೆ, ಬೇರೆಯವರಿಗೆ ಬೇಕಾದೀತು. ರಾಚಪ್ಪಣ್ಣನ ಜೋಳ ಉಳಿದರೆ ನಮಗೂ ಸಂತೋಷವೇ. ಆದರೆ ಒಂದು ಹಂದಿಯೂ ಓಡದಿದ್ದರೂ, ನಮ್ಮ ಅಪಸ್ವರ ಕೇಳಲು ಇಡೀ ಹಿಂಡೇ ಬಂದು ಅಂಗಳದಲ್ಲಿ ಕೂತರೂ, ಅವ್ವನಿಗೆ ಹಾಡುವ ಹಕ್ಕಿದೆ. ಅದನ್ನು ಸಂವಿಧಾನ ಕೊಟ್ಟಾಗ ಉಪಯೋಗವೇನೆಂದು ಕೇಳಿರಲಿಲ್ಲ. ಇನ್ನೊಂದು ಮಾತು: ಅಧಿಕಾರದಲ್ಲಿರುವವರಿಗಾಗಿ ನಾವು ಪ್ರತಿ ವಾರ ಪ್ರಾರ್ಥಿಸುತ್ತಿದ್ದೆವು. ಆರು ವಾರದಿಂದ ತಮ್ಮ ಪಾಲಿನದೂ ಬಾಕಿಯಿದೆ.

ಆದ್ದರಿಂದ ನೋಟಿಸನ್ನು ಹಿಂಪಡೆಯಿರಿ. ತನ್ನ ಮನೆಯಲ್ಲಿ ಪ್ರಾರ್ಥಿಸಲು ಯಾರ ಅನುಮತಿಯೂ ಬೇಡವೆಂದು ಒಂದು ಸಾಲು ಬರೆದುಕೊಡಿ. ಕೊಡದಿದ್ದರೂ ಬರುವ ಭಾನುವಾರ ಸಂಜೆ ಆರಕ್ಕೆ ಅವ್ವ ಹಾಡುತ್ತಾಳೆ. ಹಿಡಿಯಲು ಬರುವುದಾದರೆ ಸ್ವಲ್ಪ ಬೇಗ ಬನ್ನಿ, ಮೊದಲ ಪ್ರಾರ್ಥನೆ ತಮಗಾಗಿಯೇ.

ಇಂತಿ,
ಅವ್ವನಷ್ಟು ಧೈರ್ಯವಿಲ್ಲದಿದ್ದರೂ ಅವಳ ಪಕ್ಕದಲ್ಲೇ ಕೂರಲಿರುವ
ಅರುಳಪ್ಪ, ತಿಗನಾರೆ