ನಿನ್ನ ಕಾರಿನ ಗೋಳು

ನನ್ನ ಬಾಯಿಬಡುಕಿ ಮಗಳೇ,

ನಿನ್ನ ಕಾರಿನ ಡಿಫರೆನ್ಷಿಯಲ್ ಬಿಚ್ಚಿ ಹೊಸ ಗೇರು ಕೂರಿಸಿದೆ. ಈ ಸುದ್ದಿಯನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಹಿಂದಿನ ಚಕ್ರಗಳ ನಡುವೆ ಗಡಿಗೆಯಂತೆ ಉಬ್ಬಿರುವ ಆ ಡಬ್ಬಿಯೊಳಗೆ ಗೇರು ಸವೆದು ಕಾರು ಊಳಿಡುತ್ತಿತ್ತಲ್ಲ, ಬಿಚ್ಚೋಣ ಎಂದು ನಾನು ಗೊಣಗಿದಾಗೆಲ್ಲ ನೀನು ನಗುತ್ತಿದ್ದೆ. "ಇರ್ಲಿ ಬಿಡಪ್ಪ, ನಾನು ಬಂದೆ ಅಂತ ಅಮ್ಮಂಗೆ ತಿರುವಿನಲ್ಲೇ ಗೊತ್ತಾಗತ್ತೆ." ಆಸ್ಪತ್ರೆಯ ಪಾಳಿ ಮುಗಿಸಿ ನೀನು ತಿರುವು ದಾಟುವಷ್ಟರಲ್ಲಿ ಅವಳು ಒಲೆಯ ಉರಿ ತಗ್ಗಿಸಿ, ಕೈ ಒರೆಸಿಕೊಳ್ಳುತ್ತ ಗೇಟಿನ ಬಳಿ ನಿಂತಿರುತ್ತಿದ್ದಳು.

ಆ ಹಾಳು ಜ್ವರ ನಿನ್ನನ್ನು ಕೊಂಡೊಯ್ದ ಮೇಲೆ ಕಾರು ಬಹಳ ದಿನ ಅಲ್ಲಾಡದೆ ನಿಂತಿತ್ತು. ಮಾರಿಬಿಡೋಣ ಎಂದೆ, ಅಮ್ಮ ಬೇಡವೆಂದಳು. ಕೊನೆಗೆ ನಾನೇ ಅದರಲ್ಲಿ ಲೇತ್ ಕೆಲಸಕ್ಕೆ ಹೋಗಿಬರತೊಡಗಿದೆ. ಮೊದಲ ಸಂಜೆ ತಿರುವಿನಲ್ಲಿ ಆ ಸದ್ದು ಎದ್ದದ್ದೇ ತಡ, ನಿನ್ನಮ್ಮ ಬರಿಗಾಲಲ್ಲಿ ಓಡಿಬಂದಳು. ಗೇಟು ಹಿಡಿದು ನಿಂತವಳ ಮುಖ ಬೆಳಗಿತ್ತು. ನಾನು ಇಳಿದೆ. ಆ ಮುಖ ಕಂದಿದ್ದನ್ನು ಹೇಗೆ ಬರೆಯಲಿ? ಮರುದಿನವೂ ಬಂದಳು. ಆಮೇಲೆ ದಿನವೂ.

ನನ್ನಿಂದ ತಡೆಯಲಾಗಲಿಲ್ಲ. ರಜೆ ಹಾಕಿ, ಹೊಸ ಗೇರು ತಂದು, ಮನೆ ಮುಂದೆಯೇ ಕೆಲಸಕ್ಕೆ ಇಳಿದೆ. ಕಾರಿನ ಹಿಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ ಆಯಿಲ್ ಇಳಿಸಿದೆ. ಕರ್ರಗಿತ್ತು, ಅದರಲ್ಲಿ ಸವೆದ ಉಕ್ಕಿನ ಪುಡಿ ಮಿನುಗುತ್ತಿತ್ತು. ಆಕ್ಸಲ್‌ಗಳನ್ನು ಹೊರಗೆಳೆದು, ಉದ್ದನೆಯ ಶಾಫ್ಟ್ ಕಳಚಿ, ಡಿಫರೆನ್ಷಿಯಲ್ಲನ್ನು ಮೆಲ್ಲಗೆ ಎದೆಯ ಮೇಲೆ ಇಳಿಸಿಕೊಂಡೆ. ಏನು ಭಾರ ಅಂತೀಯ! ಹಸುಗೂಸಾಗಿದ್ದ ನಿನ್ನನ್ನು ಹೀಗೇ ಮಲಗಿಸಿಕೊಳ್ಳುತ್ತಿದ್ದುದು ನೆನಪಾಗಿ, ಏಳಲು ಮನಸ್ಸಾಗದೆ ಹಾಗೇ ಬಿದ್ದುಕೊಂಡಿದ್ದೆ. ಅಲ್ಲೇ ನಿದ್ದೆ ಹೋದಿರಾ ಎಂದು ಅಮ್ಮ ಬಗ್ಗಿ ಕೇಳಿದಳು.

ಹಳೆಯ ಗೇರಿನ ಹಲ್ಲುಗಳು ಹುಳುಕು ಹಲ್ಲಿನಂತಾಗಿದ್ದವು. ಹೊಸದನ್ನು ಕೂರಿಸುವುದೇ ತಲೆನೋವು. ಹಲ್ಲಿಗೆ ಬಣ್ಣ ಬಳಿದು ತಿರುಗಿಸಬೇಕು, ಗುರುತು ಎಲ್ಲಿ ಬಿತ್ತೆಂದು ನೋಡಬೇಕು, ತೆಳು ಬಿಲ್ಲೆ ಸೇರಿಸಿ ಮತ್ತೆ ತಿರುಗಿಸಬೇಕು. ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದವಳೂ ಟಾರ್ಚ್ ಹಿಡಿದವಳೂ ನಿನ್ನಮ್ಮನೇ. ಬೇಡ ಎಂದು ಒಮ್ಮೆಯೂ ಹೇಳಲಿಲ್ಲ.

ಮತ್ತೆ ಕೆಲಸಕ್ಕೆ ಹೋದ ದಿನ ಸಂಜೆ ಕಾರು ತಿರುವು ದಾಟಿದ್ದು ನನಗೇ ತಿಳಿಯಲಿಲ್ಲ. ಗೇಟಿನಲ್ಲಿ ಯಾರೂ ಇರಲಿಲ್ಲ. ನಾನೇ ತೆರೆದೆ. ಒಳಗೆ ಅವಳು ಊಟಕ್ಕೆ ತಟ್ಟೆ ಇಡುತ್ತಿದ್ದಳು. ಸದ್ದು ಹೋಯಿತು, ಇನ್ನು ನೀನು ಮೋಸಹೋಗುವುದು ತಪ್ಪಿತು ಎಂದು ಅವಳಿಗೆ ಹೇಳಿದೆ.

"ಮೋಸ ಎಲ್ಲಿ ಹೋದೆ? ಬರೋದು ನೀವೇ ಅಂತ ಗೊತ್ತಿತ್ತು ರೀ," ಎಂದಳು. "ಗೇಟಿನ ತನಕ ನಡೆಯೋಷ್ಟು ಹೊತ್ತು ಅವಳು ಇರ್ತಿದ್ಲು."

ಹಾಗಾದರೆ ಟಾರ್ಚ್ ಯಾಕೆ ಹಿಡಿದೆ ಎಂದು ಕೇಳಿದೆ.

"ಬಂದಿದ್ದು ಅವಳಲ್ಲ, ನೀವು ಅನ್ನೋದೇ ನಿಮ್ಮ ತಪ್ಪು ಅನ್ನೋ ಹಾಗೆ ದಿನಾ ತಲೆ ತಗ್ಗಿಸಿ ಇಳೀತಿದ್ರಿ. ನೋಡೋಕಾಗ್ಲಿಲ್ಲ."

ಅನ್ನ ಆರಿತು. ನೀನು ಹೋದ ಮೇಲೆ ಅವಳು ಅಡುಗೆಮನೆಯಲ್ಲಿ ಅಳುತ್ತಿದ್ದಳು, ನಾನು ಬಚ್ಚಲಲ್ಲಿ. ಅವತ್ತು ಇಬ್ಬರೂ ಒಂದೇ ಕಡೆ ಕೂತು ಅತ್ತೆವು, ಮಗಳೇ.

ಎಲ್ಲಿದ್ದರೂ ತಣ್ಣಗಿರು. ಅಲ್ಲಿಯೂ ಯಾರಾದರೂ ನಿನ್ನ ದಾರಿ ಕಾಯುತ್ತಿರಲಿ.

ನಿನ್ನ
ಅಪ್ಪ