ಕರ್ವ್‌ಬಾಲ್‌ಗೆ ಮುಂಚಿನ ಗ್ಲವ್

ಟ್ರೆವರ್,

ಬೆಳಿಗ್ಗೆ ನೀನು ಮಂಗಳೂರಿನ ವಿಮಾನ ಹತ್ತಿದ ಮೇಲೆ, ಕೊರಿಯಾದ ಬೇಸ್‌ಬಾಲ್ ಕ್ಲಬ್‌ನ ಕೋಚ್ ನನ್ನನ್ನು ದುಬೈ ಮೈದಾನಕ್ಕೆ ಕರೆಸಿದರು.

ನಿನ್ನೆ ಆಯ್ಕೆ ಪಂದ್ಯದಲ್ಲಿ ನಿನ್ನ ಎರಡು ಕರ್ವ್‌ಬಾಲ್‌ಗಳನ್ನು, ಬಾಗಿ ಬೀಳುವ ಆ ಎಸೆತಗಳನ್ನು, ನಾನು ಗೋಡೆಯಾಚೆ ಹೊಡೆದಾಗ ನೀನು ನಕ್ಕಿದ್ದೆ: “ಎಂತ ಮಾರಾಯ, ನನ್ನ ತಲೆಯೊಳಗೆ ಕೂತಿದ್ದೀಯಾ? ಖಲಾಸ್ ನನ್ನ ಕತೆ!”

ಕರ್ವ್ ಎಸೆಯುವ ಮುಂಚೆ, ಒಳಗೆ ಚೆಂಡಿನ ಹಿಡಿತ ಬದಲಿಸುವಾಗ, ನಿನ್ನ ಗ್ಲವ್ ತುಸು ಅಗಲವಾಗುತ್ತದೆ. ತೈವಾನಿನಲ್ಲಿ ಒಂದೇ ಬೇಸ್‌ಬಾಲ್ ತಂಡದಲ್ಲಿದ್ದಾಗಲೇ ನಾನದನ್ನು ಗಮನಿಸಿದ್ದೆ.

ಕೋಚ್ ಕೇಳಿದರು: “ಅವನ ಎಸೆತ ನಿನಗೆ ಮೊದಲೇ ತಿಳಿಯುತ್ತಿತ್ತೇ? ಏನಾದರೂ ಸುಳಿವು ಬಿಟ್ಟುಕೊಡುತ್ತಿದ್ದರೆ ವಾರದಲ್ಲಿ ತಿದ್ದಬಹುದು. ಅವನನ್ನೂ ತೆಗೆದುಕೊಳ್ಳುತ್ತೇನೆ. ಇಲ್ಲದಿದ್ದರೆ ಅವನ ಎಸೆತವೇ ಸಾಲದು ಎಂದರ್ಥ.”

ಹೌದೆಂದಿದ್ದರೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತಿದ್ದೆ.

“ಇಲ್ಲ ಸರ್, ಚೆಂಡು ನೋಡಿಯೇ ಹೊಡೆದೆ,” ಎಂದೆ.

ಪಟ್ಟಿಯಲ್ಲಿ ನಿನ್ನ ಹೆಸರು ಹೊಡೆದುಹಾಕಲು ಅವರು ಪೆನ್ನು ಹುಡುಕಿದರು. ನನ್ನದನ್ನು ಕೊಟ್ಟೆ.

ಮಾರ್ಸೆಲ್